ಹಾಡಿನ ಹಿತ್ತಲ ಬಾಗಿಲು

ನಮ್ಮ ಹೊಲಕ್ಕೆ ಕಾಲುವೆ ನೀರಿನ ಪಾಳಿ ಬರುತ್ತಿದ್ದದ್ದು ಹೆಚ್ಚಾಗಿ ರಾತ್ರಿ. ಹಗಲು ಪಾಳಿ ಯಾರ ಪಾಲಿಗೆ ಬರುತ್ತಿತ್ತೋ ಆ ಮಲಪ್ರಭೆಗೇ ಗೊತ್ತು. ಶಿರೋಳದ ಎರಿ ಹೊಲಗಳಲ್ಲಿ ಗಿಡಮರ ಕಡಿಮೆ. ಅಮಾಸಿ ಹತ್ತಿರದ ರಾತ್ರಿ ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಬೆಳದಿಂಗಳಿದ್ದರೆ ಮಾತ್ರ ನರಗುಂದದ ಗುಡ್ಡ ದೂರದಲ್ಲಿ ಮೆಲುಕು ಹಾಕುತ್ತ ಮಲಗಿದ ಎತ್ತಿನ ಹಾಗೆ ಕಾಣುತ್ತದೆ.

ಗೆಳೆಯನ ಹೊಲ ನಮ್ಮ ಬದುವಿಗೆ ಹತ್ತಿದ್ದು. ಹೆಗಲ ಮೇಲೆ ಸಲಿಕಿ, ತಲೆಗೆ ಟವೆಲ್ಲು, ಕೈಯಲ್ಲಿ ಮೂರು ಸೆಲ್ಲಿನ ಬ್ಯಾಟರಿ. ಸಾಲಿಗೆ ನೀರು ತಿರುವಿ, ಒಡ್ಡು ಒಡೆದಿಲ್ಲವೆಂದು ಒಂದು ಸುತ್ತು ನೋಡಿ, ಕಾಲುವೆ ಏರಿಯ ಮೇಲೆ ಕೂತು ಹಾಡು ತೆಗೆಯುತ್ತಿದ್ದ. ಸಿನಿಮಾ ಹಾಡು, ಭಜನಿ ಪದ, ಧಾರವಾಡ ರೇಡಿಯೋದಲ್ಲಿ ಕೇಳಿ ಅರ್ಧಂಬರ್ಧ ಕಲಿತ ಭಾವಗೀತೆ, ಎಲ್ಲ ಬರುತ್ತಿದ್ದವು. ಅವನ ಕಂಠಕ್ಕೆ ಸರಿಯಾಗಿ ಕೂತದ್ದು ಮಾತ್ರ ಬೇಂದ್ರೆಯವರ ಆ ‘ಹೀಂಗ ನೋಡಬ್ಯಾಡ’ ಹಾಡು. ಅದನ್ನು ಅವನು ತುಂಟತನದಿಂದ ಹಾಡುತ್ತಿದ್ದ. ‘ನೋಡಬ್ಯಾಡ’ ಅನ್ನುವಲ್ಲಿ ಒಂದು ಎಳೆತ, ಕತ್ತಲಲ್ಲಿ ಯಾರಿಗೂ ಕಾಣದ ಒಂದು ಕಣ್ಸನ್ನೆ. ಕೇಳುವ ನಮಗೂ ಅದು ಹೊಸದಾಗಿ ಲಗ್ನವಾದವರ ಹಾಡು, ಇಲ್ಲವೇ ಆಗಬೇಕೆಂದು ಕಾದವರ ಹಾಡು.

‘ಯಾರಿಗಲೇ ನೋಡಬ್ಯಾಡ ಅಂತ ಹೇಳಾಕತ್ತಿದ್ದು?’ ಅಂತ ನಾನು ಕೆಣಕುತ್ತಿದ್ದೆ.

‘ಅದನ್ನ ತಗೊಂಡ ಏನ ಮಾಡ್ತಿ? ಮೊದಲ ನಿಮ್ಮ ಸಾಲಿನ್ಯಾಗ ನೀರ ಎಲ್ಲಿ ಮುಟ್ಟೇತಿ ನೋಡ ಹೋಗ.’

ಮುಂದೆ ನಾನು ಕಾಲೇಜಿಗೆ ಧಾರವಾಡಕ್ಕೆ ಹೋದೆ. ಅಲ್ಲಿ ಒಂದು ಮಧ್ಯಾಹ್ನ ಕನ್ನಡ ಮಾಸ್ತರರು ಪಾಠದ ನಡುವೆ ಆ ಹಾಡಿನ ಹಿಂದಿನ ಸಂಗತಿ ಹೇಳಿದರು. ಬೇಂದ್ರೆ ದಂಪತಿ ಕಳೆದುಕೊಂಡದ್ದು ಒಂದು ಮಗುವನ್ನಲ್ಲ, ಹಲವನ್ನು. ಮಗು ಕೈಬಿಟ್ಟುಹೋದ ಮನೆಯಲ್ಲಿ ಮಾತಾಡದೆ ತನ್ನ ಮುಖವನ್ನೇ ನೋಡುತ್ತಿರುವ ಹೆಂಡತಿಗೆ ಗಂಡ ಹೇಳುವ ಮಾತು ಅದು. ಅವಳ ನೋಟದಲ್ಲಿ ಇರುವುದಕ್ಕೆ ಅವನ ಹತ್ತಿರ ಉತ್ತರವಿಲ್ಲ. ಉತ್ತರವಿಲ್ಲದವನು ನೋಡಬೇಡ ಅನ್ನುತ್ತಾನೆ. ಮಾಸ್ತರರು ಇಷ್ಟು ಹೇಳಿ ಕನ್ನಡಕ ಒರೆಸಿಕೊಂಡರು. ಕ್ಲಾಸಿನಲ್ಲಿ ಯಾರೂ ಕೆಮ್ಮಲಿಲ್ಲ. ನನಗೆ ಕಾಲುವೆ ಏರಿ, ಕತ್ತಲು, ಆ ತುಂಟ ಎಳೆತ ನೆನಪಾಗಿ ಮೈಯೆಲ್ಲ ನಾಚಿಕೆಯಾಯಿತು. ಸತ್ತವರ ಮನೆಗೆ ಹೋಗಿ ಲಗ್ನದ ಹಾಡು ಹೇಳಿ ಬಂದಂತೆ.

ದೀಪಾವಳಿ ಸೂಟಿಗೆ ಊರಿಗೆ ಬಂದವನು ಸುಮ್ಮನಿರಬೇಕಿತ್ತು. ಓದಿದವನ ಹುರುಪು, ಬಸ್ಸಿಳಿದ ದಿನವೇ ಗೆಳೆಯನಿಗೆ ಹೇಳಿಬಿಟ್ಟೆ. ಅವನು ಪೂರ್ತಿ ಕೇಳಿದ. ಒಂದು ಬೀಡಿ ಹಚ್ಚಿದ, ಸೇದಲಿಲ್ಲ. ‘ಇದನ್ನ ನನಗ್ಯಾಕ ಹೇಳಿದಿ?’ ಅಂದ. ಆ ರಾತ್ರಿ ನೀರು ಕಟ್ಟುವಾಗ ಬೇರೆ ಹಾಡುಗಳೆಲ್ಲ ಬಂದವು, ಅದು ಬರಲಿಲ್ಲ. ಆಮೇಲಿನ ಪಾಳಿಗಳಲ್ಲೂ ಬರಲಿಲ್ಲ.

ಹಾಡಿನ ಹಿಂದಿನ ಕಥೆ ತಿಳಿದರೆ ಹಾಡು ಇನ್ನೂ ಚೆಂದವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಹೇಳುವಾಗ ಆ ಹಚ್ಚಿಟ್ಟು ಸೇದದ ಬೀಡಿ ನೆನಪಾಗುತ್ತದೆ.

ನನ್ನನ್ನು ಇವತ್ತಿಗೂ ಬೆರಗುಗೊಳಿಸುವುದು ಬೇಂದ್ರೆಯವರ ದುಃಖಕ್ಕಿಂತ, ಆ ಹಾಡು ನಮ್ಮನ್ನು ತಡೆಯಲಿಲ್ಲವಲ್ಲ, ಅದು. ನಾವು ಅದನ್ನು ತಪ್ಪಾಗಿ ಹಾಡಿದೆವು, ವರ್ಷಗಟ್ಟಲೆ ಹಾಡಿದೆವು, ಅದು ಹಾಡಿಸಿಕೊಂಡಿತು. ಮದುವೆಯ ಆರ್ಕೆಸ್ಟ್ರಾಗಳಲ್ಲಿ ಹಾಡಿದವರಿದ್ದಾರೆ, ಕಾಲೇಜು ಗ್ಯಾದರಿಂಗಿನಲ್ಲಿ ಹುಡುಗಿಯರ ಸಾಲಿನ ಕಡೆ ತಿರುಗಿ ಹಾಡಿದವರಿದ್ದಾರೆ. ಹಾಡು ಯಾರ ಕಾಲರನ್ನೂ ಹಿಡಿದು ‘ನನ್ನ ಕಥಿ ಕೇಳಿ ಆಮ್ಯಾಲ ಹಾಡು’ ಅನ್ನಲಿಲ್ಲ. ಮುಂಬಾಗಿಲಿನಿಂದ ಬಂದವರಿಗೆ ಪಡಸಾಲಿಯಲ್ಲಿ ಚಾಪೆ ಹಾಸಿ ಕೂಡಿಸಿತು. ಹಿತ್ತಲ ಬಾಗಿಲೊಂದು ಇದೆ, ಅದರ ಆಚೆ ಒಬ್ಬಳು ತಾಯಿ ಕೂತಿದ್ದಾಳೆ ಅನ್ನುವುದನ್ನು ತಾನಾಗಿ ಹೇಳಲಿಲ್ಲ.

ಹಾಗೆಂದು ಹಿತ್ತಲ ಬಾಗಿಲಿನಿಂದ ಬರುವುದೆಲ್ಲ ನಿಜವೂ ಅಲ್ಲ. ಈಗ ಬೆಳಗಾದರೆ ಮೊಬೈಲಿಗೆ ಇಂಥ ಹಾಡು ಹುಟ್ಟಿದ್ದು ಹೀಗೆ ಎಂಬ ಕಥೆಗಳು ಬಂದು ಬೀಳುತ್ತವೆ. ಅವುಗಳಲ್ಲಿ ಕವಿ ಯಾವಾಗಲೂ ಮಳೆಯಲ್ಲಿ ನೆನೆಯುತ್ತಿರುತ್ತಾನೆ, ಯಾವಾಗಲೂ ಸಿಗರೇಟ್ ಪ್ಯಾಕಿನ ಹಿಂದೆ ಬರೆಯುತ್ತಾನೆ, ಸಂಗೀತ ನಿರ್ದೇಶಕ ಯಾವಾಗಲೂ ಐದೇ ನಿಮಿಷದಲ್ಲಿ ರಾಗ ಹಾಕುತ್ತಾನೆ. ಬೇಂದ್ರೆಯವರ ಹಾಡಿನ ಸಂಗತಿಯೂ ಹೇಳುವವರ ಬಾಯಲ್ಲಿ ಬಣ್ಣ ಬದಲಿಸುತ್ತದೆ. ಒಬ್ಬರ ಕಥೆಯಲ್ಲಿ ಮಗು ಆಗಲೇ ಹೋಗಿರುತ್ತದೆ, ಇನ್ನೊಬ್ಬರ ಕಥೆಯಲ್ಲಿ ತಾಯಿಯ ತೊಡೆಯ ಮೇಲೆ ಕೊನೆಯುಸಿರು ಎಳೆಯುತ್ತಿರುತ್ತದೆ. ಇದನ್ನು ನಾನು ದೂರುವುದಿಲ್ಲ. ಹಾಡು ಬಾಯಿಂದ ಬಾಯಿಗೆ ಹೋಗುವಾಗ ಒಂದೆರಡು ಮಾತು ಬದಲಾಗುತ್ತವೆ. ಕಥೆಗೂ ಅಷ್ಟು ಹಕ್ಕು ಕೊಟ್ಟರೆ ಏನು ಹೋಯಿತು?

ಕಥೆಯನ್ನು ಹಿತ್ತಲಲ್ಲಿ ಬಿಡದೆ ಹೆಗಲ ಮೇಲೆ ಹೊತ್ತೇ ಬರುವ ಹಾಡುಗಳೂ ನಮ್ಮ ಕಡೆ ಇವೆ: ಲಾವಣಿ. ನಮ್ಮೂರ ಜಾತ್ರೆಗೆ ಗೀಗೀ ಮೇಳದವರು ಬಂದರೆ ದಪ್ಪು, ತುಂತುಣಿ, ತಾಳ, ಹಿಂದೆ ಸೊಲ್ಲು ಹಿಡಿಯುವ ಇಬ್ಬರು. ನರಗುಂದದ ಅರಸ ಬಾಬಾಸಾಹೇಬರ ಕಥೆಯನ್ನು ನಾನು ಪುಸ್ತಕದಲ್ಲಿ ಓದುವ ಮುಂಚೆ ಕಿವಿಯಿಂದಲೇ ಕಲಿತದ್ದು. ದತ್ತಕಕ್ಕೆ ಇಂಗ್ಲಿಷರು ಒಪ್ಪಲಿಲ್ಲ, ತೋಪು ಕಸಿದರು, 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ನನ ತಲೆ ಹೋಯಿತು, ಆ ತಲೆ ನರಗುಂದದ ಅಗಸಿಗೆ ತೂಗಿತು, ಎರಡು ವಾರ ತುಂಬುವುದರೊಳಗೆ, ಜೂನ್ 12ಕ್ಕೆ, ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ನೇಣು. ತಾಯಿಯೂ ಹೆಂಡತಿಯೂ ಮಲಪ್ರಭೆಯ ಪಾಲಾದರು. ಎಂಟು ವರ್ಷದ ಹುಡುಗನಿಗೆ ಇದರಲ್ಲಿ ರಾಜಕೀಯ ಏನು ತಿಳಿಯಬೇಕು? ಆದರೆ ನಮ್ಮ ಹೊಲಕ್ಕೆ ಬರುವ ಕಾಲುವೆ ನೀರು ಅದೇ ಮಲಪ್ರಭೆಯದು ಎಂಬುದು ತಿಳಿದಿತ್ತು. ಕೆಲವು ದಿನ ಬೊಗಸೆಯಲ್ಲಿ ಆ ನೀರು ಕುಡಿಯಲು ಹೆದರಿದ್ದೆ.

ಈ ಲಾವಣಿಗಳನ್ನು ಮೊದಲು ಕಾಗದಕ್ಕಿಳಿಸಿದವರಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಎನ್ನುವುದು ಇನ್ನೊಂದು ಬೆರಗು. ಜೆ. ಎಫ್. ಫ್ಲೀಟ್. ಐಹೊಳೆ, ಪಟ್ಟದಕಲ್ಲಿನ ಶಾಸನಗಳನ್ನು ಓದುತ್ತಿದ್ದ ಅದೇ ಫ್ಲೀಟ್, 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ದಂಗೆ ಅದರಲ್ಲಿದೆ, ಹಲಗಲಿ ಬೇಡರದಿದೆ, ಬೈಲಹೊಂಗಲದ ಸಂಗ್ಯಾನ ಕೊಲೆಯೂ ಇದೆ. ಸರ್ಕಾರದ ಚಾಕರಿಯವನು, ತನ್ನ ಸರ್ಕಾರವನ್ನೇ ಬೈಯುವ ಹಾಡುಗಳನ್ನು ಕೂತು ಬರೆದುಕೊಂಡ. ಹಾಡಿದವರು ಸಾಹೇಬರ ಮುಖ ನೋಡಿ ಒಂದೆರಡು ನುಡಿ ನುಂಗಿರಬಹುದೇ ಎಂಬ ಗುಮಾನಿ ನನಗಿದೆ. ಇನ್ನೊಂದು ಲಾವಣಿ ಆದಾಯ ತೆರಿಗೆಯ ಮೇಲೆ! ಇನ್‌ಕಮ್ ಟ್ಯಾಕ್ಸಿನ ಮೇಲೆ ಹಾಡು ಕಟ್ಟಿದ ಜನ ನಾವು. ತೆರಿಗೆಗೂ ನಮ್ಮ ಈ ನೆಲಕ್ಕೂ ಏನೋ ಹಳೆಯ ಲೆಕ್ಕವಿದೆ. 1980ರ ಜುಲೈ 21ರಂದು ನರಗುಂದದಲ್ಲಿ, ನವಲಗುಂದದಲ್ಲಿ ರೈತರು ಬಿದ್ದದ್ದು ಕಾಲುವೆ ನೀರಿನ ಅಭಿವೃದ್ಧಿ ಕರದ ವಿರುದ್ಧ ಎದ್ದಾಗಲೇ ಅಲ್ಲವೇ? ಈಗಲೂ ಪ್ರತಿವರ್ಷ ಆ ದಿನ ನರಗುಂದದ ವೀರಗಲ್ಲಿನ ಮುಂದೆ ಹಸಿರು ಟವೆಲ್ಲಿನವರು ಸೇರುತ್ತಾರೆ.

ಹಲಗಲಿಯ ಲಾವಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕಾಳಗದ ಭಾಗ ಅಲ್ಲ. 1857ರಲ್ಲಿ ಆಯುಧ ಒಪ್ಪಿಸಿರೆಂದು ಕಾನೂನು ಬಂತು, ಬೇಡರು ಒಪ್ಪಲಿಲ್ಲ, ದಂಡು ಬಂತು, ಊರು ಸುಟ್ಟಿತು. ಇಷ್ಟನ್ನು ಯಾವ ಇತಿಹಾಸದ ಪುಸ್ತಕವಾದರೂ ಹೇಳುತ್ತದೆ. ಲಾವಣಿಕಾರ ಅಲ್ಲಿಗೆ ನಿಲ್ಲದೆ, ದಂಡಿನವರು ಮನೆಮನೆ ಹೊಕ್ಕು ಏನೇನು ಒಯ್ದರು ಎಂದು ಪಟ್ಟಿ ಮಾಡುತ್ತಾನೆ. ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ. ಬೀಸುವ ಕಲ್ಲು. ಮಂಗಳಸೂತ್ರ. ಜೀರಿಗೆ ಎಷ್ಟಿದ್ದೀತು ಒಂದು ಮನೆಯಲ್ಲಿ, ಒಂದು ಹಿಡಿ? ಆ ಹಿಡಿ ಜೀರಿಗೆಯನ್ನು ಯಾರೋ ಹೆಂಗಸು ಮರುದಿನ ಹುಡುಕಿದ್ದಾಳೆ, ಇಲ್ಲದ್ದು ಕಂಡು ಅತ್ತಿದ್ದಾಳೆ, ಆ ಅಳು ಹಾಡಿನವನ ಕಿವಿಗೆ ಬಿದ್ದಿದೆ. ಹಾಗಲ್ಲದೆ ಆ ಜೀರಿಗೆ ಹಾಡಿನೊಳಗೆ ಬರುವುದಕ್ಕೆ ದಾರಿಯೇ ಇಲ್ಲ. ಲಾವಣಿಯ ಕೊನೆಗೆ ಅಂಕಿತ ಕುರ್ತಕೋಟಿಯ ಕಲ್ಮೇಶನದು. ನಮ್ಮ ಗದಗಿನ ಪಕ್ಕದ ಕುರ್ತಕೋಟಿ.

ಕಥೆಯೇ ಇಲ್ಲದ ಹಾಡುಗಳೂ ಇದ್ದವು. ಕಥೆ ಇಲ್ಲವೆಂದರೆ ಕೆಲಸವೇ ಅವುಗಳ ಕಥೆ. ಬಿಳಿಜೋಳದ ರಾಶಿ ಮಾಡುವಾಗ ಕಣದಲ್ಲಿ ಮೇಟಿ ಕಂಬಕ್ಕೆ ಹೊಂದಿಸಿ ಐದೋ ಆರೋ ಎತ್ತುಗಳನ್ನು ಕೊರಳಿಗೆ ಕೊರಳು ಕಟ್ಟಿ, ತೆನೆಗಳ ಮೇಲೆ ಸುತ್ತು ಹೊಡೆಸುತ್ತಿದ್ದರು. ಅದು ಹಂತಿ. ಆ ಹೊತ್ತಿನದು ಹಂತಿ ಹಾಡು. ಚಳಿಯ ರಾತ್ರಿ, ಸುತ್ತಿದಲ್ಲೇ ಸುತ್ತುವ ಎತ್ತುಗಳಿಗೆ ತೂಕಡಿಕೆ, ಹಿಂದೆ ನಡೆಯುವವನಿಗೂ ತೂಕಡಿಕೆ. ಹಾಡು ನಿಂತರೆ ಎತ್ತು ನಿಲ್ಲುತ್ತವೆ, ಎತ್ತು ನಿಂತರೆ ಹೊಡೆಯುವವನು ನಿಂತಲ್ಲೇ ನಿದ್ದೆ ಹೋಗುತ್ತಾನೆ. ಹಾಗಾಗಿ ಹಾಡು ಉದ್ದವಾಗಿರಬೇಕು, ಮುಗಿಯಬಾರದು, ಎತ್ತಿನ ಹೆಜ್ಜೆಗಿಂತ ಜೋರಾಗಿಯೂ ಓಡಬಾರದು. ನಾನು ಕಡೆಯ ಸಲ ಕೇಳಿದಾಗ ಹಾಡುತ್ತಿದ್ದ ಮುತ್ಯಾ ಎತ್ತಿನ ಬೆನ್ನ ಮೇಲೆ ಒಂದು ಕೈ ಇಟ್ಟು ಕಣ್ಣು ಮುಚ್ಚಿಕೊಂಡೇ ನಡೆಯುತ್ತಿದ್ದ. ಎತ್ತಿನ ಕಾಲ ಕೆಳಗೆ ತೆನೆ ಮುರಿಯುವ ಸಪ್ಪಳವೇ ತಾಳ.

ಈಗ ಮಷಿನ್ ಬಂದು ಒಂದು ತಾಸಿನಲ್ಲಿ ರಾಶಿ ಮುಗಿಸಿ ಹೋಗುತ್ತದೆ. ಬೇಡವೆನ್ನಲು ನಾನು ಯಾರು? ಆ ಚಳಿಯಲ್ಲಿ ನಡೆದವನು ನಾನಲ್ಲ. ಆದರೆ ಸಾಂಸ್ಕೃತಿಕ ಉತ್ಸವಗಳ ವೇದಿಕೆಯ ಮೇಲೆ ಹಂತಿ ಹಾಡು ಕೇಳಿದಾಗ, ಐದು ನಿಮಿಷಕ್ಕೆ ಗಂಟೆ ಬಾರಿಸಿ ಹಾಡು ನಿಲ್ಲಿಸುವಾಗ, ಮುಗಿಯಲೇಬಾರದೆಂದು ಕಟ್ಟಿದ ಹಾಡನ್ನು ಮುಗಿಸುತ್ತಿದ್ದಾರಲ್ಲ ಎಂದು ಕಸಿವಿಸಿಯಾಗುತ್ತದೆ.

ಶಿರೋಳದಿಂದ ರೋಣ ದೂರವಲ್ಲ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಅಲ್ಲಿ, ಬೆಳೆದದ್ದು ಗದಗಿನಲ್ಲಿ. ಬೀದಿಯಲ್ಲಿ ಭಜನೆಯೋ ಬಾಜಾ ಬಜಂತ್ರಿಯೋ ಹೊರಟರೆ ಈ ಹುಡುಗ ಅದರ ಬೆನ್ನು ಹತ್ತಿ ಹೋಗಿ, ದಣಿದು, ಎಲ್ಲೆಂದರಲ್ಲಿ ಮಲಗಿಬಿಡುತ್ತಿದ್ದನಂತೆ. ಹುಡುಕಿ ಸಾಕಾಗಿ ಅಪ್ಪ, ಶಾಲಾ ಮಾಸ್ತರ ಗುರುರಾಜರು, ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರಂತೆ. ಆಮೇಲೆ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯ ಠುಮರಿ ಕಿವಿಗೆ ಬಿತ್ತು. ಹನ್ನೊಂದನೆಯ ವಯಸ್ಸಿಗೆ, 1933ರಲ್ಲಿ, ಹುಡುಗ ಮನೆಬಿಟ್ಟ. ಊಟದಲ್ಲಿ ಇನ್ನೊಂದು ಚಮಚ ತುಪ್ಪ ಬೀಳಲಿಲ್ಲವೆಂಬುದು ಹೊರಡುವುದಕ್ಕೆ ಸಿಕ್ಕ ನೆಪ. ಟಿಕೀಟಿಲ್ಲದೆ ರೈಲು ಹತ್ತಿ, ಹಿಡಿದವರಿಗೆ ಹಾಡು ಹೇಳಿ, ಗ್ವಾಲಿಯರ್ ತನಕ ಹೋಗಿ, ಎಲ್ಲೆಲ್ಲೋ ಅಲೆದು, ಕಡೆಗೆ ಗುರು ಸಿಕ್ಕದ್ದು ಎಲ್ಲಿ? ಗದಗಿನಿಂದ ಒಂದು ಹಗಲಿನ ದಾರಿಯೂ ಇಲ್ಲದ ಕುಂದಗೋಳದಲ್ಲಿ. ಸವಾಯಿ ಗಂಧರ್ವರು ಆ ಕರೀಂ ಖಾನರ ಶಿಷ್ಯರೇ.

ಇದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಇದಕ್ಕಿಂತ ಪ್ರೀತಿಯದು, ಅವರು ಹಾಡಿನಲ್ಲಿ ಸೋತ ಕಥೆ. 1956ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಸಿನಿಮಾ ಬಂತು. ಸಂಗೀತ ಶಂಕರ್ ಜೈಕಿಶನ್ ಅವರದು. ಅದರಲ್ಲಿ ಆಸ್ಥಾನದ ಹಳೆಯ ಗಾಯಕನಿಗೂ ನಾಯಕನಿಗೂ ಹಾಡಿನ ಪಂದ್ಯ, ನಾಯಕನೇ ಗೆಲ್ಲಬೇಕು. ನಾಯಕನ ಕಂಠ ಮನ್ನಾ ಡೇ, ಸೋಲುವವನ ಕಂಠ ಭೀಮಸೇನ ಜೋಶಿ. ಸುದ್ದಿ ಕೇಳಿದ ಮನ್ನಾ ಡೇ ಮನೆಗೆ ಹೋಗಿ ಹೆಂಡತಿಗೆ, ಕೆಲವು ದಿನ ಎಲ್ಲಾದರೂ ಓಡಿಹೋಗೋಣ, ಬೇರೆ ಯಾರಾದರೂ ಹಾಡಿ ಮುಗಿಸಿದ ಮೇಲೆ ಬರೋಣ ಅಂದರಂತೆ. ಹೆಂಡತಿ ಬಿಡಲಿಲ್ಲ. ಹಾಡು ಆಯಿತು. ಇವತ್ತಿಗೂ ಅದನ್ನು ಕೇಳಿದರೆ, ಗೆದ್ದವರು ಯಾರೆಂದು ಸಿನಿಮಾ ಹೇಳುತ್ತದೆ, ಕಿವಿ ಸುಮ್ಮನೆ ನಗುತ್ತದೆ. ಮನ್ನಾ ಡೇ ಚೆನ್ನಾಗಿಯೇ ಹಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ; ಜೋಶಿಯವರೇ ಮೆಚ್ಚಿಕೊಂಡರೆಂದು ಅವರು ಬಾಳಿನುದ್ದಕ್ಕೂ ಹೇಳಿಕೊಂಡರು. ಆದರೆ ಸೋಲಬೇಕೆಂದು ಗೊತ್ತಿದ್ದೂ ಒಂದು ತಾನವನ್ನೂ ಕಡಿಮೆ ಮಾಡದೆ ಹಾಡಿದ ಆ ರೋಣದ ಗಂಟಲು ಇದೆಯಲ್ಲ!

ಇನ್ನೂ ಒಂದು ಮಾತು. ಆ ಹಿಂದಿ ಸಿನಿಮಾಕ್ಕೆ ಮೂಲ ತ.ರಾ.ಸು. ಅವರ ‘ಹಂಸಗೀತೆ’ ಕಾದಂಬರಿ, ಚಿತ್ರದುರ್ಗದ ಸಂಗೀತಗಾರ ವೆಂಕಟಸುಬ್ಬಯ್ಯನ ಕಥೆ. ಕನ್ನಡ ಕಾದಂಬರಿ ಮುಂಬಯಿಗೆ ಹೋಯಿತು, ಕನ್ನಡದ ಕಂಠವೂ ಮುಂಬಯಿಗೆ ಹೋಯಿತು, ಅಲ್ಲಿ ಎರಡೂ ಹಿಂದಿಯ ಅಂಗಿ ತೊಟ್ಟು ಭೇಟಿಯಾದವು. ಕನ್ನಡದಲ್ಲಿ ಜಿ. ವಿ. ಅಯ್ಯರ್ ಅವರ ‘ಹಂಸಗೀತೆ’ ಬಂದದ್ದು 1975ಕ್ಕೆ. ಚಿತ್ರದುರ್ಗ ಮತ್ತು ಗದಗ ಎಷ್ಟು ದೂರ ಅಂತೀರಿ? ಮಾತಾಡಿಕೊಳ್ಳಲು ಅವು ಮುಂಬಯಿಗೆ ಹೋಗಬೇಕಾಯಿತು.

ಗದಗಿನ ಇನ್ನೊಂದು ಹಾಡು ನಾವು ಶಾಲೆಯ ಅಂಗಳದಲ್ಲಿ ನಿಂತು ಹಾಡಿದ್ದು. ಕನ್ನಡ ನಾಡು ಉದಯವಾಗಲೆಂದು ಹಾರೈಸುವ, ವಕೀಲ ಹುಯಿಲಗೋಳ ನಾರಾಯಣರಾಯರ ಹಾಡು. ಅದು ಮೊಳಗಿದ್ದು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನದಲ್ಲಿ. ಅಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಇದ್ದರು, ಮುಂದೆ ಹಾನಗಲ್ ಗಂಗೂಬಾಯಿಯಾದವರು. ಹಾಡುವಾಗ ತನಗಿದ್ದ ಭಯ ಸ್ವರ ತಪ್ಪೀತೆಂಬುದಲ್ಲ, ಊಟವಾದ ಮೇಲೆ ಎಂಜಲೆಲೆ ಎತ್ತಲು ತನಗೆ ಹೇಳಿಯಾರೇನೋ ಎಂಬುದು ಎಂದು ಅವರು ಮುಂದೆ ನೆನೆದಿದ್ದಾರೆ. ನವೆಂಬರ್ ಒಂದಕ್ಕೆ ಧ್ವಜ ಏರುವಾಗ ಶಾಲೆಯ ಹುಡುಗರು ಹಾಡುವುದನ್ನು ಕೇಳುತ್ತ ನಿಂತಿರುತ್ತೇನೆ. ಹಾಡು ನಾಡಿನದು. ನನ್ನ ಮನಸ್ಸು ಹೋಗುವುದು ಮಾತ್ರ ಎಲೆ ಸಾಲಿನ ಕಡೆ ಹೆದರಿ ನೋಡುತ್ತಿರುವ ಆ ಹುಡುಗಿಯ ಹತ್ತಿರ.

ಮೊನ್ನೆ ಓಣಿಯಲ್ಲಿ ಒಂದು ಹುಟ್ಟುಹಬ್ಬ. ನರಗುಂದದ ಬೇಕರಿಯಿಂದ ಕೇಕು ಬಂತು, ಮೇಲೆ ಕೆಂಪು ಕ್ರೀಮಿನಲ್ಲಿ ಕೂಸಿನ ಹೆಸರು, ಅದರಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಮೇಣದಬತ್ತಿ ಆರಿಸುವಾಗ ಮಕ್ಕಳು, ಮುದುಕರು, ಇಂಗ್ಲಿಷಿನ ಒಂದಕ್ಷರ ಬಾರದವರು ಎಲ್ಲ ಸೇರಿ ಹ್ಯಾಪಿ ಬರ್ತ್‌ಡೇ ಹಾಡಿದರು. ಆ ಹಾಡಿಗೂ ಹಿತ್ತಲಿದೆ. ಅಮೆರಿಕದ ಕೆಂಟಕಿಯ ಹಿಲ್ ಅಕ್ಕತಂಗಿಯರು, ಮಿಲ್ಡ್ರೆಡ್ ಮತ್ತು ಪ್ಯಾಟಿ, 1893ರಲ್ಲಿ ಬಾಲವಾಡಿಯ ಮಕ್ಕಳಿಗೆಂದು ಒಂದು ಹಾಡಿನ ಪುಸ್ತಕ ತಂದರು. ಅದರಲ್ಲಿ ಈ ಧಾಟಿಗಿದ್ದದ್ದು ಬೆಳಗಿನ ನಮಸ್ಕಾರದ ಮಾತು, ಮಾಸ್ತರರು ಮಕ್ಕಳಿಗೆ ಹೇಳುವಂಥದು. ಹುಟ್ಟುಹಬ್ಬದ ಮಾತು ಆಮೇಲೆ ಯಾರೋ ಸೇರಿಸಿದ್ದು. ಅದರ ಮೇಲೆ ಕಂಪನಿಯೊಂದು ವರ್ಷಗಟ್ಟಲೆ ಹಕ್ಕಿನ ಹಣ ವಸೂಲಿ ಮಾಡಿತು. ಆ ಹಕ್ಕು ನಿಲ್ಲುವುದಿಲ್ಲವೆಂದು 2015ರಲ್ಲಿ ಅಲ್ಲಿಯ ನ್ಯಾಯಾಧೀಶರು ತೀರ್ಪು ಕೊಟ್ಟರು. ಕೂಸಿನ ಅಜ್ಜನಿಗೆ ನಾನು ಇದನ್ನೆಲ್ಲ ಹೇಳಿದೆ. ‘ಹಾಡಾಕೂ ರೊಕ್ಕ ತಗೋತಿದ್ರೇನು?’ ಅಂತ ಅವನು ಬಾಯಿ ತೆರೆದ. ಲಾವಣಿಯವರಿಗೆ ಈ ಸುದ್ದಿ ಮುಟ್ಟಿದ್ದರೆ ಅದರ ಮೇಲೂ ಒಂದು ಹಾಡು ಕಟ್ಟುತ್ತಿದ್ದರು.

ಶಿಶುನಾಳ ಶರೀಫರ ವಿಷಯದಲ್ಲಿ ಮಾತ್ರ ನಮ್ಮದು ಉಲ್ಟಾ ಜಗಳ. ಸೋರುವ ಮಾಳಿಗೆಯ ಮೇಲೆ ಅವರು ಹಾಡಿದ್ದಾರಲ್ಲ, ಸಿ. ಅಶ್ವತ್ಥ್ ಅವರ ಕಂಠದಲ್ಲಿ ನಾಡೆಲ್ಲ ಕೇಳಿದ್ದು, ಅದಕ್ಕೆ ಪಟ್ಟಣದವರು ದೇಹ, ಆತ್ಮ, ಅಜ್ಞಾನ ಅಂತ ಅರ್ಥ ಬಿಡಿಸುತ್ತಾರೆ. ಸರಿಯೇ, ಶರೀಫರು ಹೇಳಿದ್ದೂ ಅದನ್ನೇ. ಆದರೆ ಮಣ್ಣಿನ ಮ್ಯಾಳಿಗಿಯ ಕೆಳಗೆ ಹುಟ್ಟಿದ ನಮ್ಮಂಥವರಿಗೆ ಮೊದಲು ಕೇಳುವುದು ಮನೆ ಸೋರುವ ಸಪ್ಪಳ. ಮಳೆಗಾಲಕ್ಕೆ ಮುಂಚೆ ಮ್ಯಾಳಿಗಿ ಏರಿ ಹುಲ್ಲು ಕಿತ್ತು, ಹೊಸ ಮಣ್ಣು ಹರವಿ, ತುಳಿದು ಗಟ್ಟಿ ಮಾಡಬೇಕು. ಆ ವರ್ಷ ಮಣ್ಣು ಹಾಕಲು ಆಗಲಿಲ್ಲವೆಂದರೆ, ನಡುರಾತ್ರಿ ಜಂತಿಯ ಸಂದಿನಿಂದ ಮೊದಲ ಹನಿ ಜೋಳದ ಚೀಲದ ಮೇಲೆ ಬೀಳುತ್ತದೆ. ನಮ್ಮವ್ವ ಕತ್ತಲಲ್ಲೇ ಎದ್ದು, ಯಾವ ಹನಿಗೆ ಬೋಗುಣಿ, ಯಾವ ಹನಿಗೆ ಕೊಡ ಎಂದು ಸಪ್ಪಳದಿಂದಲೇ ತಿಳಿದು ಇಟ್ಟು ಬರುತ್ತಿದ್ದಳು. ಬೋಗುಣಿಯಲ್ಲಿ ಒಂದು ಸ್ವರ, ಕೊಡದಲ್ಲಿ ಇನ್ನೊಂದು. ಶರೀಫರು ಶಿಗ್ಗಾವಿ ಸೀಮೆಯ ಶಿಶುವಿನಹಾಳದವರು, ಶಾಲೆಯ ಮಾಸ್ತರಿಕೆ ಮಾಡಿದವರು. ಹಾಗೆ ಎದ್ದು ಬೋಗುಣಿ ಇಟ್ಟವರೇ ಇರಬೇಕು. ಆ ಹಾಡಿನ ಹಿತ್ತಲ ಬಾಗಿಲು ತೆರೆದರೆ ನನಗೆ ಸಿಗುವುದು ತತ್ವಕ್ಕಿಂತ ಮೊದಲು ನಮ್ಮವ್ವ. ಈಗ ಊರಿನಲ್ಲಿ ಸ್ಲ್ಯಾಬಿನ ಮನೆಗಳೇ ಹೆಚ್ಚು. ಮುಂದಿನವರಿಗೆ ಆ ಹಾಡಿನಲ್ಲಿ ಆತ್ಮ ಉಳಿದೀತು, ಜಂತಿ ಉಳಿಯಲಿಕ್ಕಿಲ್ಲ.

ಈ ಸಲ ಕಡ್ಲಿ ಹಸಿರಾಗಿದ್ದಾಗ ಊರಿಗೆ ಹೋಗಿದ್ದೆ. ಗೆಳೆಯನ ಮನೆಗೆ ಹೋದಾಗ ಸಂಜೆ. ಅವನ ಮಗಳು ಬಾಣಂತನಕ್ಕೆ ಬಂದವಳು ಇನ್ನೂ ಇದ್ದಳು. ಅಂಗಳದಲ್ಲಿ ಟ್ರ್ಯಾಕ್ಟರ್, ಬಾಗಿಲ ಹತ್ತಿರ ಅವನ ಚಪ್ಪಲಿ. ‘ಏ...’ ಅಂತ ಕೂಗುವ ಮುಂಚೆಯೇ ಒಳಗಿನಿಂದ ಧಾಟಿ ಕೇಳಿತು. ಮಾತಿಲ್ಲ, ಬರೇ ಧಾಟಿ, ಮೂಗಿನಲ್ಲಿ. ಮೊದಲಿನ ಎಳೆತ ಇಲ್ಲ, ಸಾವಕಾಶ. ಹಗ್ಗ ಜಗ್ಗಿದಾಗ ತೊಟ್ಟಿಲು ಹೋಗಿ ಬರುವಷ್ಟು ಸಾವಕಾಶ. ಮೂವತ್ತು ವರ್ಷದ ಮೇಲಾಗಿತ್ತು ನಾನು ಅದನ್ನು ಅವನ ಗಂಟಲಲ್ಲಿ ಕೇಳಿ. ಹೊಸ್ತಿಲಲ್ಲಿ ಹಾಗೇ ನಿಂತೆ.

ನನ್ನನ್ನು ನೋಡಿದ. ಹಾಡು ನಿಲ್ಲಿಸಲಿಲ್ಲ. ಕಣ್ಣಲ್ಲೇ ಕೂಡು ಅಂದ. ಒಂದು ಸುತ್ತು ಮುಗಿಸಿ, ತೊಟ್ಟಿಲೊಳಗೆ ಬಗ್ಗಿ ನೋಡಿ, ಹಗ್ಗ ಬಿಡದೆಯೇ ಪಿಸುದನಿಯಲ್ಲಿ ಹೇಳಿದ:

‘ಬ್ಯಾರೆ ಯಾವುದಕ್ಕೂ ಮಲಗೂದುಲ್ಲಪಾ ಇದು.’